ತಿಪ್ಪೆಯಿಂದ ಲೆಫ್ಟಾ, ರೈಟಾ?

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ಇಡ್ಲಿ ತಟ್ಟೆ ಮುಂದೆ ಕೂತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಸರ್, ಬಂಗಾರಪೇಟೆ–ಕೋರಮಂಡಲ್ ಸೈಕಲ್ ರೂಟ್ ಮಾಡಿದೋರು ನೀವೇ ಅಲ್ವಾ?”

ಅಭಿಮಾನಿ! ಬೆನ್ನು ತಾನಾಗಿಯೇ ನೆಟ್ಟಗಾಯಿತು. “ಹೌದು, ನಾನೇ. ಹೇಳಿ.”

“ನಿಮ್ಮ ರೂಟ್ ಪ್ರಕಾರ ಕರೆಕ್ಟಾಗಿ ಬಂದಿದೀವಿ ಸರ್. ಒಂಚೂರೂ ಆಚೆ ಈಚೆ ಆಗಿಲ್ಲ. ಈಗ ಮೊಣಕಾಲುದ್ದ ಸಗಣೀಲಿ ನಿಂತಿದೀವಿ. ಇಲ್ಲಿಂದ ಲೆಫ್ಟಾ, ರೈಟಾ?”

ಇಡ್ಲಿ ತಟ್ಟೆ ಪಕ್ಕಕ್ಕೆ ತಳ್ಳಿದೆ.

“ಪಕ್ಕದಲ್ಲಿ ದನದ ಕೊಟ್ಟಿಗೆ ಇದೆಯಾ? ಹುಣಸೆ ಮರ?”

“ಇದೆ ಸರ್. ಒಬ್ಬರು ಅಂಕಲ್ ಕೂಡ ಇದ್ದಾರೆ. ಅಂಕಲ್ ಕೈಲಿ ಕೋಲಿದೆ. ಈ ರೂಟ್ ಮಾಡಿದ್ದು ಯಾರು ಅಂತ ಕೇಳ್ತಿದಾರೆ.”

“ಹೇಳಬೇಡಿ!”

“ಹೇಳಿಬಿಟ್ವಿ ಸರ್. ಗೈಡ್‌ನಲ್ಲಿ ನಿಮ್ಮ ಹೆಸರು, ಫೋಟೋ ಎಲ್ಲ ಇದೆಯಲ್ಲ?”

ಆ ಅಂಕಲ್ ನಮ್ಮ ದೊಡ್ಡಪ್ಪ. ಅಪ್ಪನ ಒಡಹುಟ್ಟಿದ ಅಣ್ಣ. ಅಕ್ಕನ ಮದುವೆಯಾದಾಗಿನಿಂದ ಅವರಿಗೂ ನಮ್ಮ ಮನೆಗೂ ಮಾತಿಲ್ಲ. ತಿಪ್ಪೆ ಕೂಡ ಅವರದ್ದೇ.

ಫೋನ್ ಕೈ ಬದಲಾಯಿಸಿತು. ಎಷ್ಟೋ ಕಾಲದ ಮೇಲೆ ಆ ದನಿ ಕೇಳಿದೆ.

“ಬಾರ್ಲಾ ಇಲ್ಲಿ.”

ಕಟ್.

ಅಲ್ಲಿಗೆ ಹೋಗುವ ಮೊದಲು ನಾನು ಈ ಸ್ಥಿತಿಗೆ ಹೇಗೆ ಬಂದೆ ಅಂತ ಹೇಳಿಬಿಡುತ್ತೇನೆ. ನನಗೆ ಗುಡ್ಡಗಾಡಿನ ಸೈಕಲ್ ಹುಚ್ಚು. ಕಲಿಸಿದ ಗುರುಗಳು ಯಾರೂ ಇಲ್ಲ. ಸೆಕೆಂಡ್ ಹ್ಯಾಂಡ್ ಮೌಂಟನ್ ಬೈಕ್, ಫೋನ್‌ನಲ್ಲಿ ಒಂದಷ್ಟು ವಿಡಿಯೋ, ಮಂಡಿಯಲ್ಲಿ ಒಂದಷ್ಟು ಗಾಯ. ಇಷ್ಟೇ ನನ್ನ ವಿದ್ಯಾಭ್ಯಾಸ. (ಬ್ರೇಕ್ ಪ್ಯಾಡ್ ಬದಲಾಯಿಸುವುದನ್ನು ಕಲಿತದ್ದು ಬ್ರೇಕ್ ಹಿಡಿಯದ ಮೇಲೆ.)

ಈ ಲೋಕದಲ್ಲಿ ‘ರೂಟ್ ಗೈಡ್’ ಅಂತ ಒಂದಿದೆ. ಯಾರೋ ಒಬ್ಬ ಸೈಕಲ್ ಹೊಡೆಯುತ್ತಾ ಹೋದ ದಾರಿಯನ್ನು ಅವನ ಫೋನು ಒಂದು ಗೆರೆಯಾಗಿ ರೆಕಾರ್ಡ್ ಮಾಡುತ್ತೆ. ಅವನು ಆ ಗೆರೆಗೆ ನಾಲ್ಕು ಫೋಟೋ, ನಾಲ್ಕು ಮಾತು ಸೇರಿಸಿ ಆ್ಯಪ್‌ಗೆ ಹಾಕುತ್ತಾನೆ. ನೀವು ಡೌನ್‌ಲೋಡ್ ಮಾಡಿಕೊಂಡು ಆ ಗೆರೆ ಮೇಲೇ ಹೋಗುತ್ತೀರಿ. ಯಾರನ್ನೂ ದಾರಿ ಕೇಳಬೇಕಾಗಿಲ್ಲ, ಯಾರಿಗೂ ನಮಸ್ಕಾರ ಹೇಳಬೇಕಾಗಿಲ್ಲ. ಗೆರೆ ಬಿಟ್ಟು ಆಚೆ ಹೋದರೆ ಹ್ಯಾಂಡಲ್ ಮೇಲಿನ ಮಿಷನ್ನು ಬೀಪ್ ಅನ್ನುತ್ತೆ. ಎಂಥ ಸುಖ ಅಲ್ವಾ?

ನಾನೂ ಮೊದಮೊದಲು ಬೇರೆಯವರ ಗೆರೆ ಮೇಲೇ ಓಡಿದವನು. ಒಮ್ಮೆ ಯಾರೋ ಎಕ್ಸ್‌ಪರ್ಟ್ ಮಾಡಿದ ಕೆಜಿಎಫ್ ರೂಟ್ ಇಳಿಸಿಕೊಂಡೆ. ‘ಉರಿಗಾಂ ಸಿಂಗಲ್ ಟ್ರ್ಯಾಕ್, ಕಿರಿದು, ರೋಮಾಂಚಕ’ ಅಂತಿತ್ತು. ಕಿರಿದಾಗಿತ್ತು, ನಿಜ. ಯಾಕೆಂದರೆ ಅದು ಗಣಿ ಕಾರ್ಮಿಕರ ಲೈನ್ ಮನೆಗಳ ನಡುವಿನ ಓಣಿ! ಆ ಕಡೆ ಬಟ್ಟೆ ಒಣಗುತ್ತಿದೆ, ಈ ಕಡೆ ಅಕ್ಕಿ ಆರಿಸುತ್ತಿದ್ದಾರೆ, ನಡುವೆ ಹೆಲ್ಮೆಟ್ ಹಾಕಿಕೊಂಡು ನಾನು. ಒಬ್ಬರು ತಮಿಳು ಅಜ್ಜಿ ಮೊರ ಕೆಳಗಿಟ್ಟು ಕೇಳಿದರು:

“ಯಾರಪ್ಪಾ ನೀನು? ಇದು ನಮ್ ವಾಸಲ್. ಊರಲ್ಲಿ ಸೈಕಲ್ ಓಡ್ಸಕ್ಕೆ ರೋಡ್ ಇಲ್ಲೈಯಾ?”

ಅವರ ಮನೆ ಬಾಗಿಲು ಅದು. ರೋಮಾಂಚನ ಅವರಿಗಾಗಿತ್ತು, ನನಗಲ್ಲ.

ಅವತ್ತೇ ತೀರ್ಮಾನ ಮಾಡಿದೆ. ಹೊರಗಿನವರಿಗೆ ನಮ್ಮೂರಿನ ದಾರಿ ಏನು ಗೊತ್ತು? ಲೋಕಲ್ ಹುಡುಗ ನಾನೇ ಒಂದು ಗೈಡ್ ಮಾಡುತ್ತೇನೆ. ಈ ನೆಲದ ಕಲ್ಲು ಮುಳ್ಳೆಲ್ಲ ಗೊತ್ತಿರುವವನು!

ಮಾಡಿದೆ. ಬಂಗಾರಪೇಟೆ ಸ್ಟೇಷನ್‌ನಲ್ಲಿ ರೈಲು ಇಳಿದು, ಕಾಮಸಮುದ್ರದ ಕಡೆ ತಿರುಗಿ, ನಮ್ಮೂರಿನ ಮಾವಿನ ತೋಪುಗಳ ನಡುವೆ ಹಾದು, ಬಂಡೆ ಗುಡ್ಡ ಹತ್ತಿಳಿದು, ಕೆಜಿಎಫ್‌ನ ಕೋರಮಂಡಲ್‌ನ ಗಣಿ ಮಣ್ಣಿನ ದಿಬ್ಬಗಳ ತನಕ. ವಾಪಸ್ ಬಂದು ಬಂಗಾರಪೇಟೆಯ ಬಿಳಿ ನೀರಿನ ಪಾನಿಪುರಿ. ಸುಸ್ತಾದವರಿಗೆ ನೆರಳೆಲ್ಲಿ, ಪಂಕ್ಚರ್ ಆದವರಿಗೆ ಅಂಗಡಿ ಎಲ್ಲಿ, ಆನೆ ಬರುವ ಸೀಸನ್‌ನಲ್ಲಿ ಕಾಡಂಚಿಗೆ ಯಾಕೆ ಹೋಗಬಾರದು, ಎಲ್ಲ ಬರೆದೆ. ತೊಂದರೆಯಾದರೆ ಫೋನ್ ಮಾಡಿ ಅಂತ ನಂಬರನ್ನೂ ಕೊಟ್ಟೆ. (ಯಾರು ಮಾಡುತ್ತಾರೆ ಬಿಡಿ ಅನ್ನುವ ಧೈರ್ಯ.)

ಒಂದೇ ಒಂದು ವಿಷಯ ಬರೆಯಲಿಲ್ಲ.

ನಮ್ಮೂರಿನ ಆ ತುದಿಯಲ್ಲಿ ರಸ್ತೆಗೆ ಅಂಟಿಕೊಂಡೇ ದೊಡ್ಡಪ್ಪನ ಮನೆ. ರಸ್ತೆಗೆ ಮುಖ ಮಾಡಿದ ಜಗಲಿ. ಆ ಜಗಲಿ ಮೇಲೆ ದೊಡ್ಡಪ್ಪ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು ಕೂತರೆ ಆ ದಾರಿಯಲ್ಲಿ ಹೋಗುವ ಒಂದು ಕೋಳಿಯೂ ಅವರಿಗೆ ಮುಖ ತೋರಿಸದೆ ಹೋಗುವ ಹಾಗಿಲ್ಲ. ಚಿಕ್ಕವನಿದ್ದಾಗ ಶಾಲೆ ಬಿಟ್ಟ ಕೂಡಲೇ ನಾನು ಬ್ಯಾಗ್ ಎಸೆಯುತ್ತಿದ್ದದ್ದು ಆ ಜಗಲಿ ಮೇಲೇ.

ಆಮೇಲೆ ಅಕ್ಕನ ಮದುವೆ ಬಂತು. ನಮ್ಮ ಕಡೆ ಮದುವೆಗೆ ಕರೆಯುವುದು ಅಂದರೆ ಗಂಡ ಹೆಂಡತಿ ಇಬ್ಬರೂ ಮನೆಗೆ ಹೋಗಬೇಕು, ಕುಂಕುಮ ಕೊಡಬೇಕು, ಎಲೆ ಅಡಿಕೆ ಮೇಲೆ ಪತ್ರಿಕೆ ಇಟ್ಟು ಕೈಗೆ ಕೊಡಬೇಕು. ಅಪ್ಪ ಏನು ಮಾಡಿದರು? ತಾಲ್ಲೂಕು ಕಚೇರಿಯ ಕೆಲಸ, ಛತ್ರದ ಓಡಾಟ, ರಜೆ ಸಿಗಲಿಲ್ಲ ಅಂತ ಪತ್ರಿಕೆಯನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರು. ಯಾರಿಗೆ? ಇದೇ ಊರಿನ ಆ ತುದಿಯಲ್ಲಿರುವ ಸ್ವಂತ ಅಣ್ಣನಿಗೆ! ಕೆಳಗೆ ಎರಡು ಕೈ ಮುಗಿಯುವ ಗೊಂಬೆ ಬೇರೆ.

“ಡೌನ್‌ಲೋಡ್ ಮಾಡ್ಕೊಂಡು ಮದ್ವೆಗೆ ಬರೋಕೆ ನಾನೇನು ಅವನ ಆಪೀಸಿನೋನಾ?” ಅಂದರಂತೆ ದೊಡ್ಡಪ್ಪ. ಬರಲಿಲ್ಲ. ದೊಡ್ಡಮ್ಮನನ್ನೂ ಕಳಿಸಲಿಲ್ಲ. ಅಣ್ಣನೇ ಬರಲಿಲ್ಲವಲ್ಲ ಅಂತ ಅಪ್ಪನಿಗೆ ಅವಮಾನ. ತಮ್ಮನೇ ಕರೆಯಲಿಲ್ಲವಲ್ಲ ಅಂತ ದೊಡ್ಡಪ್ಪನಿಗೆ ಅವಮಾನ. ಮಾತು ನಿಂತಿತು.

ಜಗಳ ಅಪ್ಪನದು. ನನಗೆ ಯಾರೂ ‘ಆ ಕಡೆ ಹೋಗಬೇಡ’ ಅನ್ನಲಿಲ್ಲ. ಆದರೂ ಅದು ನನ್ನ ಫೋನಿಗೆ ಫೋಟೋ ಸಿಂಕ್ ಆದ ಹಾಗೆ ತಾನಾಗಿಯೇ ಸಿಂಕ್ ಆಯಿತು. ಜಗಲಿ ಮುಂದೆ ಸೈಕಲ್‌ನಲ್ಲಿ ಹೋದರೆ ದೊಡ್ಡಪ್ಪನ ಮುಖ ನೋಡಬೇಕು. ನೋಡಿದರೆ ನಗಬೇಕಾ, ಬೇಡವಾ? ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಿಂತ ಸುತ್ತು ಹಾಕುವುದು ಸುಲಭ. ರಸ್ತೆ ಬಿಟ್ಟು ಮಾವಿನ ತೋಪಿಗೆ ನುಗ್ಗುವುದು, ಕಾಲುವೆಗೆ ಇಳಿದು ಸೈಕಲನ್ನು ಹೆಗಲ ಮೇಲೆ ಹೊತ್ತು ಆಚೆ ದಡ ಹತ್ತುವುದು, ಲಂಟಾನದ ಪೊದೆಯಲ್ಲಿ ಅಂಗಿ ಹರಿದುಕೊಳ್ಳುವುದು, ದೊಡ್ಡಪ್ಪನ ಕೊಟ್ಟಿಗೆ ಹಿಂದೆ ಬಗ್ಗಿಕೊಂಡು ಹೋಗಿ, ತಿಪ್ಪೆ ಗುಂಡಿ ದಾಟಿ ಮತ್ತೆ ರಸ್ತೆ ಸೇರುವುದು. ದಿನಾ ಇದೇ. ಎಷ್ಟು ಅಭ್ಯಾಸವಾಗಿತ್ತೆಂದರೆ ರೂಟ್ ರೆಕಾರ್ಡ್ ಮಾಡಿದ ದಿನವೂ ಹ್ಯಾಂಡಲ್ಲು ತಾನಾಗಿಯೇ ತೋಪಿನ ಕಡೆ ತಿರುಗಿತು.

ಗೆರೆ ಬಿತ್ತು. ಅಪ್‌ಲೋಡ್ ಆಯಿತು.

ಆಗ ಬೇಸಿಗೆ. ಗೊಬ್ಬರವನ್ನೆಲ್ಲ ರಾಗಿ ಹೊಲಕ್ಕೆ ಹೊಡೆದು ತಿಪ್ಪೆ ಗುಂಡಿ ಖಾಲಿಯಾಗಿತ್ತು. ಸೈಕಲ್ ಸಮೇತ ಒಳಗೆ ಜಾರಿ ಆ ಕಡೆ ಹತ್ತಿದೆ, ಮಜವಾಗಿತ್ತು. ಗೈಡ್‌ನಲ್ಲಿ ‘ಸಹಜವಾಗಿ ಮೂಡಿದ ಬಟ್ಟಲು, ಸ್ಪೀಡಾಗಿ ಇಳಿಯಿರಿ’ ಅಂತ ಬರೆದೆ. ತಿಪ್ಪೆ ಗುಂಡಿ ಮಳೆಗಾಲದಲ್ಲಿ ಮತ್ತೆ ತುಂಬುತ್ತೆ ಅನ್ನುವುದು ಈ ನೆಲದ ಕಲ್ಲು ಮುಳ್ಳೆಲ್ಲ ಗೊತ್ತಿರುವ ಲೋಕಲ್ ಹುಡುಗನಿಗೆ ಹೊಳೆಯಲೇ ಇಲ್ಲ!

ರೂಟ್ ಹಿಟ್ ಆಯಿತು. ಪ್ರತಿ ವಾರ ಬೆಂಗಳೂರಿನಿಂದ ಜನ. ನನ್ನ ಸೈಕಲ್‌ಗಿಂತ ಅವರ ಬೂಟು ದುಬಾರಿ. ಅವರ ರಿವ್ಯೂಗಳನ್ನು ಓದಿ ನಾನು ಉಬ್ಬಿದ್ದೇ ಉಬ್ಬಿದ್ದು. ವಿಚಿತ್ರ ಅಂದರೆ ಎಲ್ಲರಿಗೂ ಇಷ್ಟವಾದದ್ದು ಆ ಸುತ್ತೇ! ಒಬ್ಬ ಬರೆದ, ‘ಒಳ್ಳೆ ರಸ್ತೆ ಇದ್ದರೂ ಬಳಸದೆ ಕಾಲುವೆ ಆರಿಸಿದ್ದಾರೆ, ಇದು ನಿಜವಾದ ಸಾಹಸ.’ ಇನ್ನೊಬ್ಬ, ‘ಆನೆಗಳ ದಾರಿಗೆ ಅಡ್ಡ ಬರದ ಹಾಗೆ ರೂಟ್ ಮಾಡಿದ್ದಾರೆ, ಪ್ರಕೃತಿಪ್ರೇಮಿ.’ ಮತ್ತೊಬ್ಬ, ‘ತಲೆಮಾರುಗಳಿಂದ ಬಂದ ಕಾಲುದಾರಿ ಇರಬೇಕು.’ ಎಲ್ಲದಕ್ಕೂ ಹೆಬ್ಬೆರಳು ಒತ್ತಿದೆ. ಹೊಗಳಿಕೆಯಲ್ಲಿ ತಪ್ಪು ಹುಡುಕುವುದು ಒಳ್ಳೆಯ ಗುಣವಾ, ನೀವೇ ಹೇಳಿ?

ಸರಿ. “ಬಾರ್ಲಾ ಇಲ್ಲಿ” ಅಂದಿದ್ದಾರಲ್ಲ, ಹೊರಟೆ. ಅವತ್ತು ಮಾತ್ರ ತೋಪಿನ ಕಡೆ ತಿರುಗಲಿಲ್ಲ. ನೆಟ್ಟಗೆ ರಸ್ತೆಯಲ್ಲೇ ಹೋದೆ. ಎರಡು ನಿಮಿಷದ ದಾರಿ! ಅದು ಅಷ್ಟು ಹತ್ತಿರ ಅನ್ನುವುದೇ ಮರೆತುಹೋಗಿತ್ತು.

ಜಗಲಿ ಮೇಲೆ ಇಬ್ಬರು ಕೂತಿದ್ದರು. ಗಂಡ ಪ್ರಣವ್, ಹೆಂಡತಿ ಮೇಘಾ. ದೊಡ್ಡಮ್ಮ ಬಿಂದಿಗೆ ಬಿಂದಿಗೆ ನೀರು ಸುರಿದು ಇಬ್ಬರ ಕಾಲೂ ತೊಳೆಸಿದ್ದರು. ಪ್ರಣವ್ ದೊಡ್ಡಪ್ಪನ ಹಳೇ ಪಂಚೆ ಉಟ್ಟಿದ್ದ, ಹೆಲ್ಮೆಟ್ ಮಾತ್ರ ತೆಗೆದಿರಲಿಲ್ಲ. ಕೈಯಲ್ಲಿ ಮಜ್ಜಿಗೆ ಲೋಟ.

“ನಾನು ಹೇಳ್ದೆ ಇವರಿಗೆ,” ಮೇಘಾ ನನ್ನನ್ನು ನೋಡಿದ ಕೂಡಲೇ ಶುರು ಮಾಡಿದರು. “ಎದುರಿಗೇ ಟಾರ್ ರೋಡ್ ಇದೆ, ಅದರಲ್ಲಿ ಬಸ್ ಹೋಗ್ತಿದೆ, ಅಲ್ಲೇ ಹೋಗೋಣ ಅಂತ. ಇಲ್ಲ, ಆಫ್ ರೂಟ್ ಆದ್ರೆ ಬೀಪ್ ಬರುತ್ತೆ ಅಂದ್ರು.”

“ಬೀಪ್ ಬರುತ್ತೆ ಮೇಘಾ.”

“ಸಗಣಿಗೆ ಇಳಿದಾಗ ಬರಲಿಲ್ಲ.”

ಹಿಂದಿನ ವಾರಗಳಲ್ಲಿ ಬಂದವರಿಗೆ ಗುಂಡಿ ಇಷ್ಟು ತುಂಬಿರಲಿಲ್ಲ. ಇವರಿಗೆ ಮೇಲೆ ಒಣಗಿ ಹೆಪ್ಪುಗಟ್ಟಿದ್ದ ತಿಪ್ಪೆ ಗಟ್ಟಿ ನೆಲದ ಹಾಗೆ ಕಂಡಿದೆ. ಗೈಡ್‌ನಲ್ಲಿ ಸ್ಪೀಡಾಗಿ ಇಳಿಯಿರಿ ಅಂತ ಬೇರೆ ಇತ್ತಲ್ಲ, ಇಳಿದಿದ್ದಾರೆ.

ದೊಡ್ಡಪ್ಪ ಕೋಲನ್ನು ಗೋಡೆಗೆ ಒರಗಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಯಾವಾಗ್ಲಾ ಸರ್ವೆ ಕೆಲ್ಸಕ್ಕೆ ಸೇರ್ದೆ ನೀನು?”

“ಸರ್ವೆನಾ? ಇಲ್ಲ ದೊಡ್ಡಪ್ಪಾ. ಇದು ಸೈಕಲ್ ಹೊಡೆಯೋ ರೂಟು.”

“ಸುಳ್ಳೇಳ್ಬೇಡ. ರಸ್ತೆ ಬತ್ತದಾ ಇಲ್ಲಿ? ಅದೊಂದ್ ಏಳು ಸಾಕು.”

ನನಗೆ ಅರ್ಥವಾಗಲಿಲ್ಲ. ದೊಡ್ಡಮ್ಮ ಬಾಗಿಲಿನಿಂದಲೇ ಬಿಡಿಸಿ ಹೇಳಿದರು.

“ನೋಡಪ್ಪಾ, ಬ್ಯಾಸ್ಗೆಯಿಂದ್ಲೂ ನೋಡ್ತಾ ಇದೀನಿ. ವಾರ ವಾರ ಬತ್ತಾರೆ. ತಲೆಗೆ ಗಟ್ಟಿ ಟೋಪಿ ಆಕ್ಕೊಂಡಿರ್ತಾರೆ. ಫೋನ್ ನೋಡ್ತಾರೆ, ಕೊಟ್ಟಿಗೆ ಇಂದ್ಗಡೆ ಓಗ್ತಾರೆ. ಎಲ್ರೂ ಒಂದೇ ಗೆರೆ ಮ್ಯಾಲೆ! ಒಬ್ರಾದ್ರೂ ಆಚೆ ಈಚೆ ಕಾಲಿಡಲ್ಲ. ರಸ್ತೆ ಅಳೆಯೋರಲ್ದೆ ಇನ್ಯಾರ್ ನಡೀತಾರಪ್ಪಾ ಅಂಗೆ?”

ನೀವೇ ಯೋಚನೆ ಮಾಡಿ, ಏನು ತಪ್ಪಿದೆ ಇದರಲ್ಲಿ? ಪಕ್ಕದ ಊರುಗಳಲ್ಲಿ ದೊಡ್ಡ ರಸ್ತೆಗೆ ಅಂತ ಹೊಲ ಅಳೆದದ್ದನ್ನು ಇವರು ನೋಡಿದ್ದಾರೆ. ಮೊದಲು ಟೋಪಿ ಬರುತ್ತೆ, ಆಮೇಲೆ ಗೆರೆ ಬರುತ್ತೆ, ಆಮೇಲೆ ಕಲ್ಲು ನೆಡುತ್ತಾರೆ. ಇಲ್ಲಿ ಟೋಪಿಯೂ ಬಂದಿದೆ, ಗೆರೆಯೂ ಬಂದಿದೆ. ಕಲ್ಲೊಂದು ಬಾಕಿ.

“ಕೊಟ್ಟಿಗೆಗೆ ಶೀಟ್ ತಂದು ಮಡಗಿದ್ದೆ,” ಅಂದರು ದೊಡ್ಡಪ್ಪ. “ಆಕ್ಸಿಲ್ಲ. ಎಂಗಿದ್ರೂ ರಸ್ತೆಗೆ ಓಗೋ ಕೊಟ್ಟಿಗೆ, ಯಾಕ್ ಆಕ್ಸೋದು ಅಂತ.”

ಹೋಗಿ ನೋಡಿದೆ. ಹೊಸ ಶೀಟುಗಳು ಗೋಡೆಗೆ ಒರಗಿದ ಹಾಗೇ ಇದ್ದವು. ಕೊಟ್ಟಿಗೆಯ ಹಳೇ ಸೋಗೆ ಸೋರುತ್ತಿತ್ತು. ತುಂಬಿದ ಗಬ್ಬದ ಸೀಮೆ ಹಸು ಬೆನ್ನ ಮೇಲೆ ಗೋಣಿ ತಾಟು ಹೊದ್ದುಕೊಂಡು, ಇರುವ ಒಂದೇ ಒಣ ಮೂಲೆಯಲ್ಲಿ ಮುದುರಿ ನಿಂತಿತ್ತು. ಇವತ್ತೋ ನಾಳೆಯೋ ಈಯುವ ಹಾಗಿತ್ತು. ಇಡೀ ಮಳೆಗಾಲ ಅದು ಹೀಗೇ ನಿಂತಿದೆ. ನನ್ನ ಹಿಟ್ ರೂಟಿನ ದಯೆಯಿಂದ.

ಈ ಒಂದು ರಿವ್ಯೂ ಮಾತ್ರ ಯಾರೂ ಬರೆದಿರಲಿಲ್ಲ.

ವಾಪಸ್ ಬಂದು ಕೇಳಿದೆ. “ಅಪ್ಪನ್ನ ಒಂದು ಮಾತು ಕೇಳಬಹುದಿತ್ತಲ್ಲ ದೊಡ್ಡಪ್ಪಾ? ಅಪ್ಪ ಇರೋದೇ ತಾಲ್ಲೂಕು ಆಫೀಸಲ್ಲಿ. ಸರ್ವೆ ಇದೆಯೋ ಇಲ್ವೋ ನಿಂತ ಕಾಲಲ್ಲಿ ಹೇಳ್ತಿದ್ರು.”

“ನಿಮ್ಮಪ್ಪ ಬಂದು ಏಳ್ಬೋದಿತ್ತಲ್ಲ?”

“ಅಪ್ಪನಿಗೆ ಗೊತ್ತಿದ್ರೆ ತಾನೇ?”

“ಗೊತ್ತಾಗ್ಬೇಕು ಅಂದ್ರೆ ಬರಬೇಕು. ಬಂದ್ರೆ ತಾನೇ ಗೊತ್ತಾಗೋದು?”

ಈ ವಾದಕ್ಕೆ ಕೊನೆ ಇಲ್ಲ ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲೂ ಇದೇ ವಾದ ಉಲ್ಟಾ ನಡೆಯುತ್ತೆ.

ದೊಡ್ಡಪ್ಪ ಬಿಡಲಿಲ್ಲ. “ಅದಿರ್ಲಿ. ಮುಂದ್ಗಡೆ ಇಷ್ಟು ಒಳ್ಳೆ ರಸ್ತೆ ಮಡೀಕೊಂಡು ನೀನ್ಯಾಕ್ಲಾ ಇಂದ್ಗಡೆ ತಿಪ್ಪೆ ಮ್ಯಾಲೆ ಗೆರೆ ಎಳ್ದೆ?”

ಪ್ರಣವ್ ಮಜ್ಜಿಗೆ ಕೆಳಗಿಟ್ಟು ಮುಂದಕ್ಕೆ ಬಾಗಿದ. ರಿವ್ಯೂ ಬರೆದವರೆಲ್ಲ ತಲೆ ಕೆಡಿಸಿಕೊಂಡ ಪ್ರಶ್ನೆ ಇದು. “ಆನೆ ಕಾರಿಡಾರ್ ಅಲ್ವಾ ಸರ್?”

“ಆನೆ ಅಲ್ಲ,” ಅಂದೆ. “ನಮ್ಮ ದೊಡ್ಡಪ್ಪ.”

ನೆಲ ನೋಡಿಕೊಂಡು ಪೂರ್ತಿ ಹೇಳಿದೆ. ಮದುವೆ, ಪಿಡಿಎಫ್, ಜಗಲಿ, ನಗಬೇಕಾ ಬೇಡವಾ, ಎಲ್ಲ. ಹೇಳಿ ಮುಗಿಸಿದಾಗ ಮೇಘಾ ಹೆಲ್ಮೆಟ್ ತೆಗೆದು ತಲೆ ಹಿಡಿದುಕೊಂಡರು.

“ಅಂದ್ರೆ ಇಷ್ಟು ದಿನ ಬೆಂಗಳೂರಿನ ಜನ ಎಲ್ಲ ನಿಮ್ಮ ಮನೆ ಜಗಳನ ಡೌನ್‌ಲೋಡ್ ಮಾಡ್ಕೊಂಡು, ಹೆಗಲ ಮೇಲೆ ಸೈಕಲ್ ಹೊತ್ಕೊಂಡು ಕಾಲುವೆ ದಾಟಿದ್ರಾ?”

ಮೊದಲು ನಕ್ಕದ್ದು ದೊಡ್ಡಮ್ಮ. ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ. ಆಮೇಲೆ ಮೇಘಾ. ದೊಡ್ಡಪ್ಪ ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟರು. ಮೀಸೆ ಮೋಸ ಮಾಡಿತು.

“ಥೂ ನಿನ್ನ! ನಾನು ಇವ್ಳಿಗೆ ಏಳ್ತಿದ್ದೆ, ಏನೇ, ಬೆಂಗಳೂರಿನೋರ್ಗೂ ನಾವು ಬ್ಯಾಡ್ವಾದ್ವಾ, ಒಬ್ರೂ ಮನೆ ಮುಂದೆ ಬರಲ್ವಲ್ಲ ಅಂತ.” ಎದ್ದು ನಿಂತರು. “ಏಳ್ಲಾ. ಆನ್ ಮಾಡು ಫೋನು.”

“ಯಾಕೆ?”

“ಗೆರೆ ಎಳೆಯೋಕೆ.”

ದೊಡ್ಡಪ್ಪ ಮುಂದೆ, ಸೈಕಲ್ ತಳ್ಳಿಕೊಂಡು ನಾನು ಹಿಂದೆ. ತೋಪು ಶುರುವಾಗುವ ತಿರುವಿನಿಂದ ಜಗಲಿವರೆಗೆ ರಸ್ತೆಯಲ್ಲೇ ನಡೆದೆವು. ಎದುರಿಗೆ ಸಿಕ್ಕವರೆಲ್ಲ ನಿಂತು ನೋಡಿದರು. ನೋಡಲಿ ಅಂತಲೇ ದೊಡ್ಡಪ್ಪ ನಿಧಾನವಾಗಿ ನಡೆದರು ಅಂತ ನನ್ನ ಗುಮಾನಿ.

“ಇಲ್ಲಿ ನಿಲ್ಸು. ಜಗಲಿ ಆಕು ಅದ್ರಾಗೆ. ಮಜ್ಜಿಗೆ ಸಿಗ್ತದೆ ಅಂತ ಬರಿ.”

ಬರೆದೆ.

“ತಿಪ್ಪೆ ಕಡೆ ಬಂದ್ರೆ ಕೋಲು ಸಿಗ್ತದೆ ಅಂತಾನೂ ಬರಿ.”

ಅದನ್ನೂ ಬರೆದೆ. ನಮ್ಮಪ್ಪನ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ನಾನು ಸೈಕಲ್ ಹತ್ತಿದ ಮೇಲೆ ಮಾತ್ರ, ಹುಣಸೆ ಮರಕ್ಕೆ ಹೇಳುವ ಹಾಗೆ, “ಬಿಪಿ ಮಾತ್ರೆ ನುಂಗ್ತಾನಾ ಸರ್ಯಾಗಿ?” ಅಂದರು.

ಮನೆಗೆ ಬಂದರೆ ಅಪ್ಪ ಪೇಪರ್ ಹಿಂದೆ. ಸುದ್ದಿ ಆಗಲೇ ತಲುಪಿತ್ತು. (ನಮ್ಮೂರಿನಲ್ಲಿ ಸುದ್ದಿಗೆ ನೆಟ್‌ವರ್ಕ್ ಬೇಕಾಗಿಲ್ಲ.)

“ತಿಪ್ಪೆಗ್ ಬಿದ್ದೋರು ಎದ್ರಾ?”

“ಎದ್ರು. ದೊಡ್ಡಪ್ಪ ಸರ್ವೆ ಬಂದಿದೆ ಅಂದ್ಕೊಂಡಿದ್ದಾರೆ. ಕೊಟ್ಟಿಗೆ ಹೋಗುತ್ತೆ ಅಂತ ಶೀಟೇ ಹಾಕಿಸಿಲ್ಲ. ಗಬ್ಬದ ಹಸು ಮಳೆಯಲ್ಲಿ ನೆನೀತಾ ಇದೆ.”

ಪೇಪರ್ ಕೆಳಗಿಳಿಯಿತು. “ಸರ್ವೇನಾ? ನಮ್ಮೂರ್ ಕಡೆ ಯಾವ್ದೂ ಇಲ್ವಲ್ಲೋ! ನನ್ನ ಒಂದ್ ಮಾತ್ ಕೇಳಿದ್ರೆ ಆಗ್ತಿರ್ಲಿಲ್ವಾ?”

“ಹೋಗಿ ಹೇಳಿ ಬಾ. ಎರಡು ನಿಮಿಷದ ದಾರಿ.”

“ನೀನೇ ಏಳಿದೀಯಲ್ಲ.”

“ನಾನು ಹೇಳಿದ್ರೆ ನಂಬಲ್ಲ. ಸುಳ್ಳೇಳ್ಬೇಡ ಅಂದ್ರು.”

ಅಪ್ಪ ಪೇಪರನ್ನು ನಾಲ್ಕಾಗಿ ಮಡಿಸಿದರು. ಮತ್ತೆ ಬಿಚ್ಚಿದರು. “ನಾನ್ ಎಂಗ್ಲಾ ಓಗ್ಲಿ? ಆ ರಸ್ತೆ ಮ್ಯಾಲೆ ಓದ್ರೆ ಊರೆಲ್ಲಾ ನೋಡ್ತದೆ. ತಮ್ಮನೇ ಸೋತ, ಕಾಲಿಗ್ ಬೀಳೋಕ್ ಓಗ್ತಾವ್ನೆ ಅಂತಾರೆ. ಆಗಲ್ಲ.”

ಮುಗಿಯಿತು. ನಾನು ಹೊಸ ರೂಟಿನ ಫೈಲನ್ನು ಅಪ್ಪನ ವಾಟ್ಸ್‌ಆ್ಯಪ್‌ಗೆ ಕಳಿಸಿದೆ. ಕೆಳಗೆ ಎರಡು ಕೈ ಮುಗಿಯುವ ಗೊಂಬೆ. ಓದಿದ್ದಕ್ಕೆ ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

ಎಲ್ಲವನ್ನೂ ಕಳಿಸುವುದು ಎಷ್ಟು ಸುಲಭವಾಗಿದೆ ನೋಡಿ. ಮದುವೆ ಪತ್ರಿಕೆ ಕಳಿಸುತ್ತೇವೆ, ಹಬ್ಬದ ಹೋಳಿಗೆಯ ಫೋಟೋ ಕಳಿಸುತ್ತೇವೆ, ಸತ್ತವರ ಮನೆಗೆ ಅಳುವ ಮುಖದ ಗೊಂಬೆ ಕಳಿಸುತ್ತೇವೆ. ಕಾಮಸಮುದ್ರದ ಬಸ್ಸು ಇವತ್ತಿಗೂ ದಿನಾ ಓಡುತ್ತೆ, ಪಾಪ. ಅದರಲ್ಲಿ ಕೂತು ನೆಂಟರ ಮನೆಗೆ ಹೋಗುವವರು ಎಷ್ಟು ಜನ? ನಾನಂತೂ ಕೋರಮಂಡಲ್ ದಿಬ್ಬದ ತುದಿಗೆ ಜಗತ್ತಿಗೆಲ್ಲ ದಾರಿ ತೋರಿಸಿದವನು. ದೊಡ್ಡಪ್ಪನ ಜಗಲಿಗೆ ದಾರಿ ಗೊತ್ತಾಗಲು ಬೆಂಗಳೂರಿನ ಇಬ್ಬರು ಸಗಣಿಗೆ ಬೀಳಬೇಕಾಯಿತು.

ಆ ವಾರ ಕಳೆಯುವ ಮೊದಲೇ ಒಂದು ಬೆಳಗ್ಗೆ ಎದ್ದರೆ ಅಪ್ಪ ಮನೆಯಲ್ಲಿಲ್ಲ. ವಾಕಿಂಗ್ ಅಂದರು ಅಮ್ಮ, ಒಲೆ ಕಡೆ ಮುಖ ಮಾಡಿಕೊಂಡು. ನಮ್ಮಪ್ಪ ವಾಕಿಂಗಾ? ಗೇಟಿನವರೆಗೆ ಹೋಗುವುದಕ್ಕೂ ಸ್ಕೂಟರ್ ತೆಗೆಯುವ ಮನುಷ್ಯ!

ಆಫೀಸಿಗೆ ಹೊತ್ತಾಗುತ್ತೆ ಅನ್ನುವಾಗ ಬಂದರು. ಅಂಗಿಯ ತೋಳು ಹರಿದಿತ್ತು. ತಲೆಯಲ್ಲಿ ಲಂಟಾನದ ಎಲೆ. ಪ್ಯಾಂಟು ಮೊಣಕಾಲಿನವರೆಗೆ... ಅದರ ಬಣ್ಣ ನಾನು ಹೇಳಬೇಕಾಗಿಲ್ಲ, ವಾಸನೆ ಬೀದಿಗೆ ಹೇಳುತ್ತಿತ್ತು. ಕೈಯಲ್ಲಿ ದೊಡ್ಡಮ್ಮನ ಮನೆಯ ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಬಿಸಿ ಬಿಸಿ ಗಿಣ್ಣು.

“ಹಸು ಈಯ್ತಾ ಅಪ್ಪಾ?”

“ಯಾವ್ ಹಸು? ನಾನು ವಾಕಿಂಗ್ ಓಗಿದ್ದೆ,” ಅಂತ ನೆಟ್ಟಗೆ ಬಚ್ಚಲಿಗೆ ಹೋದರು.

ಸಂಜೆ ನಾನು ರಸ್ತೆಯಲ್ಲೇ ಹೋಗಿ ನೋಡಿದೆ. ಕೊಟ್ಟಿಗೆಗೆ ಶೀಟ್ ಬಿದ್ದಿತ್ತು. ಒಂದು ಕಡೆ ನೀಟಾಗಿದೆ, ಇನ್ನೊಂದು ಕಡೆ ಸೊಟ್ಟ. ಸೊಟ್ಟಗಿರುವುದು ತಾಲ್ಲೂಕು ಕಚೇರಿಯವರು ಹಿಡಿದುಕೊಂಡ ಕಡೆ ಇರಬೇಕು. ಕೆಳಗೆ ಕರು ಒಣಗಿದ ಹುಲ್ಲಿನ ಮೇಲೆ ಮಲಗಿತ್ತು.

“ಯಾರೋ ಬಂದಿದ್ರಾ ದೊಡ್ಡಪ್ಪಾ?”

“ಯಾರೂ ಇಲ್ವಲ್ಲ,” ಅಂದರು ದೊಡ್ಡಪ್ಪ. ಮೀಸೆ ಮತ್ತೆ ಮೋಸ ಮಾಡಿತು.

ಆಮೇಲೂ ಅಪ್ಪನ ‘ವಾಕಿಂಗ್’ ನಿಂತಿಲ್ಲ. ಬೂಟು ಬೇರೆ ತಂದಿದ್ದಾರೆ, ಮೊಣಕಾಲುದ್ದದ್ದು. ರಸ್ತೆಯಲ್ಲಿ ಮಾತ್ರ ಹೋಗುವುದಿಲ್ಲ, ಊರು ನೋಡುತ್ತಲ್ಲ! ಹೊಸ ರೂಟ್ ಅಪ್‌ಲೋಡ್ ಆಗಿ, ಬೆಂಗಳೂರಿನವರೆಲ್ಲ ಈಗ ಮನೆ ಮುಂದೆಯೇ ಬಂದು ಮಜ್ಜಿಗೆ ಕುಡಿದು ಹೋಗುತ್ತಾರೆ. ಹಳೇ ರೂಟನ್ನು ತೆಗೆದುಹಾಕೋಣ ಅಂತ ನಿನ್ನೆ ಬೆರಳಿಟ್ಟೆ. ‘ಖಚಿತವೇ?’ ಅಂತ ಕೇಳಿತು ಆ್ಯಪ್.

ಕಾಲುವೆ ದಾಟಿ, ಮುಳ್ಳಲ್ಲಿ ನುಸುಳಿ, ತಿಪ್ಪೆ ತುಳಿದು ಅಣ್ಣನ ಮ‌ನೆಗೆ ಹೋಗುವವರು ಒಬ್ಬರಿದ್ದಾರಲ್ಲ, ನೀವೇ ಹೇಳಿ, ಡಿಲೀಟ್ ಮಾಡಲಾ?